ಒಂದು ರಿಮೋಟಿಗೆ ಇಬ್ಬರು

ಭಾಗೀರಥಿಬಾಯಿಗೆ ವಿಡಿಯೊ ಗೇಮಿನ ಗಂಧಗಾಳಿಯೂ ಇರಲಿಲ್ಲ. ಐವತ್ತು ದಾಟಿದ ಹೆಂಗಸು, ಔರಾದಿನಲ್ಲಿ ವಲಸೆ ಹೋದವರ ಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವವಳು. ಅಂಥವಳು ಬೀದರಿನ ಚಿದ್ರಿಯಲ್ಲಿ, ಹರೆಯದ ಹುಡುಗರ ಸದ್ದುಗದ್ದಲ ತುಂಬಿದ ಗೇಮ್ ಅಂಗಡಿಯೊಂದರ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದಳೆಂದರೆ ಅದಕ್ಕೆ ಸಖು ಕಾರಣ.

ಆ ಸಲವೂ ಮಳೆ ಕೈಕೊಟ್ಟಿತ್ತು. ದೀಪಾವಳಿ ಮುಗಿದದ್ದೇ ತಡ, ಔರಾದ ತಾಲೂಕಿನ ಹಳ್ಳಿಗಳು ಮನೆಗೆ ಬೀಗ ಹಾಕಿಕೊಂಡು ಮಹಾರಾಷ್ಟ್ರದ ಕಬ್ಬಿನ ಹೊಲಗಳ ಕಡೆ ಹೊರಟವು. ಮಕ್ಕಳು ಹಾಸ್ಟೆಲಿಗೆ ಬಂದರು. ಹಗಲು ಸಾಲಿ, ಗಲಾಟೆ, ಹೇಗೋ ಕಳೆಯುತ್ತಿತ್ತು. ಹೊತ್ತು ಮುಳುಗುವಾಗ ಮಾತ್ರ ಒಂದೊಂದೇ ಮಗು ಮೂಲೆ ಹಿಡಿಯುತ್ತಿತ್ತು. ಭಾಗೀರಥಿಬಾಯಿ ಕೇರಂ ತಂದಳು, ಕಬಡ್ಡಿ ಆಡಿಸಿದಳು, ಬಾಬಾಸಾಹೇಬರ ಬಾಲ್ಯದ ಕತೆ ಹೇಳಿದಳು. ಕತೆ ಮುಗಿಯುವಷ್ಟರಲ್ಲಿ ಸಖು ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿರುತ್ತಿದ್ದಳು, ಗಡಿಯಾಚೆಯ ಉದಗೀರದ ಬಸ್ಸು ಹಿಡಿಯಲು. ಪ್ರತಿ ಸಲ ಇವಳೇ ಹೋಗಿ ಕರೆತರಬೇಕಾಗುತ್ತಿತ್ತು.

ಸಖು ಏಳನೆಯ ಇಯತ್ತೆಯ ಹುಡುಗಿ. ಅವಳ ಅಪ್ಪ ಪಂಢರಿ, ಅವ್ವ ಸುಂದರಬಾಯಿ, ಇಬ್ಬರೂ ಸಾಂಗ್ಲಿ ಕಡೆ ಕಬ್ಬು ಕಡಿಯುತ್ತಿದ್ದರು. ಕಬ್ಬು ಕಡಿಯುವ ಕತ್ತಿಗೆ ಕೊಯ್ತಾ ಎನ್ನುತ್ತಾರೆ. ಅದನ್ನು ಹಿಡಿದ ಗಂಡ ಹೆಂಡಿರ ಜೋಡಿಗೂ ಅದೇ ಹೆಸರು. ಗುಂಪು ಕಟ್ಟಿಕೊಂಡು ಹೋಗುವ ಮುಕಾದಮ ಆಳುಗಳನ್ನು ಒಬ್ಬೊಬ್ಬರಾಗಿ ನೋಡುವುದೇ ಇಲ್ಲ. ಅವನಿಗೆ ಇಬ್ಬರು ಸೇರಿದರೆ ಒಂದು ಕೊಯ್ತಾ. ಒಬ್ಬರ ಕೈ ಸೋತರೆ ಅದು ಅರ್ಧ ಕೊಯ್ತಾ, ಅರ್ಧ ಕೊಯ್ತಾಕ್ಕೆ ಕಬ್ಬಿನ ಹೊಲದಲ್ಲಿ ಮರ್ಯಾದೆ ಇಲ್ಲ.

ಪಂಢರಿ ಫೋನ್ ಮಾಡಿದ್ದ. "ನಿಮ್ಮವ್ವ ಭಾಳ ಲೇಟ್ ಮಾಡ್ಲಾಕತ್ಯಾಳ. ನಾ ಒಂದು ಸಾಲು ಕಡದು ಮುಗಸ್ದಾಗ ಆಕಿ ಅರ್ಧದಾಗ ಇರ್ತಾಳ. ನೀ ಬಂದ್ರ ನಮ್ಮ ಕೊಯ್ತಾ ನಡೀತದ. ಸೋಮವಾರ ಮುಕಾದಮನ ಜೀಪು ಔರಾದಿಗಿ ಬರ್ತದ, ಅದರಾಗ ಕೂತ್ ಬಾ" ಎಂದಿದ್ದ. ಅಲ್ಲಿಯವರೆಗೂ ಕಾಯುವ ತಾಳ್ಮೆ ಹುಡುಗಿಗೆ ಇರಲಿಲ್ಲ, ಸಂಜೆಯಾದರೆ ಬಸ್‌ಸ್ಟ್ಯಾಂಡು. ಹೋದವಳು ಮತ್ತೆ ಸಾಲಿಯ ಮುಖ ನೋಡುವುದಿಲ್ಲವೆಂದು ಭಾಗೀರಥಿಬಾಯಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಜೊತೆ ಓದಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಹೀಗೆಯೇ ಒಂದು ಸುಗ್ಗಿಗೆಂದು ಹೋಗಿ ಅಲ್ಲಿಯವರೇ ಆಗಿಬಿಟ್ಟಿದ್ದರು. ಸಖುವನ್ನು ಬಿಟ್ಟುಕೊಡುವ ಮನಸ್ಸು ಅವಳಿಗೆ ಸುತಾರಾಂ ಇರಲಿಲ್ಲ. ಹಾಸ್ಟೆಲಿಗೆ ಯಾರೋ ಪುಣ್ಯಾತ್ಮರು ಕೊಟ್ಟ ದೊಡ್ಡ ಟಿವಿಯೊಂದು ಕೇಬಲ್ ಇಲ್ಲದೆ ಗೋಡೆಗೆ ನೇತಾಡುತ್ತಿತ್ತು. ಅದಕ್ಕೊಂದು ಆಟದ ಡಬ್ಬಿ ಸಿಕ್ಕಿಸಿದರೆ ಸಂಜೆ ಹೊತ್ತು ಹುಡುಗಿ ಕೂರಬಹುದೇನೋ ಎಂದು ಚಿದ್ರಿಗೆ ಬಂದಿದ್ದಳು.

ಅಂಗಡಿಯ ವೈಜಿನಾಥ ಕೊರಳಲ್ಲಿ ಲಿಂಗ, ಬಾಯಲ್ಲಿ ಜಿಬಿ ಇಟ್ಟುಕೊಂಡ ಮನುಷ್ಯ. ಗಿರಾಕಿ ನೀರು ಕೇಳಿದರೂ ಮೊದಲು ಮಶೀನಿನ ಹೊಟ್ಟೆಯಲ್ಲಿ ಏನೇನಿದೆ ಎಂದು ಒಪ್ಪಿಸಿ ಆಮೇಲೆ ಲೋಟ ಕೊಡುವವನು.

"ನೋಡ್ರಿ ಅಕ್ಕೋರೆ, ಇದರಾಗ ಎಂಟು ಜಿಬಿ ರ‍್ಯಾಮ್ ಅದ. ಪ್ರೊಸೆಸರ್‌ದಾಗ ಎಂಟು ಕೋರ್ ಅವ. ಸೆಕೆಂಡಿಗಿ ಅರವತ್ತು ಚಿತ್ರ ಹಾಕ್ತದ, ಒಂದೂ ತಪ್ಪಂಗಿಲ್ಲ" ಎಂದು ಶುರು ಮಾಡಿದ. ಹೇಳುವಾಗ ಅವನ ಕೈ ಆ ಕರಿ ಡಬ್ಬಿಯ ಮೇಲಿನ ಧೂಳನ್ನು ತಾನಾಗಿ ಒರೆಸುತ್ತಿತ್ತು. ಭಾಗೀರಥಿಬಾಯಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಈ ಮನುಷ್ಯ ಅದನ್ನು ಪ್ರೀತಿಸುತ್ತಾನೆ ಎನ್ನುವುದು ತಿಳಿಯಿತು. ಪ್ರೀತಿಯಿಂದ ಮಾತಾಡುವವರನ್ನು ಕಂಡರೆ ಅವಳಿಗೆ ಇಷ್ಟ.

"ಅರವತ್ತು ಚಿತ್ರ ನಿನ್ನ ಕಣ್ಣಿಗಿ ಎಣಸ್ಲಾಕ ಬರ್ತದೇನೋ ವೈಜ್ಯಾ?" ಎಂದಿತು ಮೂಲೆಯಿಂದ ಒಂದು ದನಿ. ಅಲ್ಲಿ ಕೂತು ಬೆಸುಗೆ ಹಾಕುತ್ತಿದ್ದವನು ಮಕ್ಸೂದ. ಭಾಲ್ಕಿಯ ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ರಿಪೇರಿ ಅಂಗಡಿ. ಕ್ಯಾಸೆಟ್ ಹಾಕಿ ಆಡುವ ಹಳೆಯ ಕಾಲದ ಟಿವಿ ಗೇಮುಗಳಿಗೆ ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ ಡಾಕ್ಟರು. ಇಬ್ಬರೂ ಒಂದೇ ಸಾಲಿಯಲ್ಲಿ ಓದಿದವರು, ಅಂದಿನಿಂದಲೂ ಇದೇ ಜಗಳ.

"ಆಪಾ, ಇಂವನ ಮಾತ್ ಕೇಳಬ್ಯಾಡ್ರಿ. ಆಟ ಇರೋದು ಬೆರಳಿನಾಗ, ಡಬ್ಬಿದಾಗ ಅಲ್ಲ. ನನ್ನ ಬಲ್ಲಿ ನನ್ನ ತಮ್ಮನ ವಯಸ್ಸಿನ ಮಶೀನ್ ಅದ. ಇವತ್ತಿಗೂ ಕೂತ್ರ ಏಳಂಗಿಲ್ಲ ಮಂದಿ."

"ಏಳ್ಲಾಕ ಹ್ಯಾಂಗ ಬರ್ತದ, ನಿನ್ನ ಆಟ ಮುಂದಕ ಹೋದ್ರ ತಾನೆ" ಎಂದ ವೈಜಿನಾಥ. "ಡಬ್ಬಿ ಚೊಲೋ ಇಲ್ದಿದ್ರ ಬೆರಳು ಏನ್ ಮಾಡ್ತದಲೇ."

"ಬೆರಳು ಚೊಲೋ ಇಲ್ದಿದ್ರ ನಿನ್ನ ಎಂಟು ಕೋರ್ ಏನ್ ಮಾಡ್ತಾವ?"

ಆಡುತ್ತಿದ್ದ ಹುಡುಗರು ಆಟ ಬಿಟ್ಟು ಇವರ ಬಾಯಿ ನೋಡತೊಡಗಿದರು. ಭಾಗೀರಥಿಬಾಯಿಗೆ ಹೊತ್ತಾಗುತ್ತಿತ್ತು. ಹಾಸ್ಟೆಲಿನಲ್ಲಿ ಜಗಳ ಬಿಡಿಸಿ ರೂಢಿಯಿದ್ದವಳು, ಇಬ್ಬರಿಗೂ ಕೈ ಅಡ್ಡ ಹಿಡಿದಳು.

"ನಿಮ್ಮ ವಾದ ನನಗ ತಿಳಿಯಂಗಿಲ್ರಪ್ಪ. ನನ್ನ ಬಲ್ಲಿ ಒಂದು ಹುಡುಗಿ ಅದ. ಸೋಮವಾರ ಜೀಪು ಬರೋದ್ರೊಳಗ ಆಕಿ ಮನಸ್ಸು ಇಲ್ಲೇ ನಿಂದ್ರಬೇಕು. ಯಾವ ಮಶೀನ್ ನಿಲ್ಲಸ್ತದ, ಅದೇ ದೊಡ್ಡದು. ಆಯ್ತಿಲ್ಲ?"

ವೈಜಿನಾಥ, "ಐತಾರ ಬರ್ತೇವ್ರಿ. ಬಾಡಿಗಿ ಗೀಡಿಗಿ ಏನೂ ಬ್ಯಾಡ" ಎಂದ. "ನಾನೂ ಬರ್ತೇನಿ. ಇಂವನ ನಾಚ್ಕಿ ನೋಡ್ಲಾಕರ ಬರಬೇಕಲ್ಲ" ಎಂದ ಮಕ್ಸೂದ.

ಭಾನುವಾರ ಮಧ್ಯಾಹ್ನ ಇಬ್ಬರೂ ಒಂದೇ ಮೋಟರ್ ಸೈಕಲ್ಲಿನಲ್ಲಿ ಬಂದಿಳಿದರು. ವೈಜಿನಾಥ ತನ್ನ ಮಶೀನನ್ನು ಮಗುವಿನಂತೆ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಮಕ್ಸೂದನದು ಸಿಮೆಂಟ್ ಚೀಲದಲ್ಲಿತ್ತು. ಮಕ್ಕಳು ಟಿವಿಯ ಮುಂದೆ ಜಮಖಾನೆಯ ಮೇಲೆ ಕೂತರು. ಸಖು ಮಾತ್ರ ಬಾಗಿಲ ಪಕ್ಕ, ಯಾವಾಗ ಬೇಕಾದರೂ ಏಳುವವಳಂತೆ ಕೂತಿದ್ದಳು. ಅವಳ ಗೆಳತಿ ಗುಂಡಮ್ಮ, ಹೆಸರಿಗೆ ತಕ್ಕಂತೆ ಗುಂಡಗಿದ್ದ ಹುಡುಗಿ, ರಟ್ಟೆ ಹಿಡಿದು ಮುಂದಕ್ಕೆಳೆದಳು.

ಮೊದಲು ವೈಜಿನಾಥನ ಮಶೀನು. ಪರದೆ ತುಂಬ ಬೆಟ್ಟದ ದಾರಿ, ದಾರಿಯಲ್ಲೊಂದು ಕೆಂಪು ಕಾರು, ಕಾರಿನ ಗಾಜಿನ ಮೇಲೆ ಮಳೆ. ಮಕ್ಕಳು ಆಟ ಮರೆತು ಮಳೆಯನ್ನೇ ನೋಡಿದರು. "ಒಂದೊಂದು ಹನಿನೂ ಬ್ಯಾರೆ ಬ್ಯಾರೆ ಹರೀತದ ನೋಡ್ರಿ" ಎಂದ ವೈಜಿನಾಥ, ತಾನೇ ಸುರಿಸಿದ ಮಳೆಯೆಂಬಂತೆ. ಆಮೇಲೆ ರಿಮೋಟನ್ನು ಗುಂಡಮ್ಮನ ಕೈಗೆ ಕೊಟ್ಟ.

ಗುಂಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ. ತಕ್ಷಣ ಎಡಗಡೆಯದನ್ನು ತಾನು ಹಿಡಿದು, ಬಲಗಡೆಯದನ್ನು ಸಖುವಿನ ಮುಂದೆ ಚಾಚಿದಳು. "ಹಿಡಿ" ಎಂದಳು. ಸಖು ಯಾವ ಅನುಮಾನವೂ ಇಲ್ಲದೆ ಹಿಡಿದಳು. ಹುಡುಗಿಯರಿಬ್ಬರೂ ಹೆಗಲಿಗೆ ಹೆಗಲು ಹಚ್ಚಿ ಕೂತರು.

"ಅಲ್ಲವ್ವಾ, ಅದು ಒಬ್ಬರಿಗೇ" ಎಂದು ವೈಜಿನಾಥ ಬಾಯಿ ತೆರೆದ.

"ಎರಡು ಹಿಡಿ ಅವಲ್ರಿ" ಎಂದಳು ಗುಂಡಮ್ಮ. "ಇಬ್ಬರಿಗಿ ಒಂದು ಕೊಯ್ತಾ."

ಅಷ್ಟರಲ್ಲಿ ಹಿಂದಿದ್ದ ಮಕ್ಕಳೂ ತಮ್ಮ ತಮ್ಮಲ್ಲಿ ಜೋಡಿ ಕಟ್ಟಿಕೊಂಡಿದ್ದರು. ಯಾರೂ ಹೇಳಿಕೊಡಲಿಲ್ಲ. ಹುಟ್ಟಿದಾಗಿನಿಂದ ಅವರು ಕಂಡದ್ದೇ ಅದು, ಒಂದು ಕೆಲಸವೆಂದರೆ ಇಬ್ಬರು. ಗುಂಡಮ್ಮ ಕಾರು ತಿರುಗಿಸಿದಳು, ಸಖು ಓಡಿಸಿದಳು, ನಿಲ್ಲಿಸಿದಳು. ಮೊದಲ ತಿರುವಿನಲ್ಲೇ ಕಾರು ಕಣಿವೆಗೆ ಬಿತ್ತು. "ನಾ ಜೋರ್ ಒತ್ತಿದೆ" ಎಂದಳು ಸಖು. ಮುಂದಿನ ಸಲ ಒತ್ತಲಿಲ್ಲ, ಕಾರು ತಿರುವು ದಾಟಿತು. ಅದರ ಮುಂದಿನದನ್ನೂ ದಾಟಿತು. ಎರಡು ಮೈಗಳು ಒಟ್ಟಿಗೆ ಎಡಕ್ಕೆ ವಾಲುವುದು, ಒಟ್ಟಿಗೆ ಬಲಕ್ಕೆ ವಾಲುವುದು, ಅದನ್ನು ನೋಡುತ್ತ ಭಾಗೀರಥಿಬಾಯಿಯ ಎದೆ ತುಂಬಿ ಬಂತು. ಇಷ್ಟು ದಿನ ಮಕ್ಕಳಿಗೆ ಏನು ಕಲಿಸಲಿ ಎಂದು ಒದ್ದಾಡಿದವಳು, ಈ ಮಕ್ಕಳಿಗೆ ಎಂಥ ವಿದ್ಯೆ ಆಗಲೇ ಬರುತ್ತದೆ ಎಂದು ಬೆರಗಾದಳು.

ವೈಜಿನಾಥನೂ ಬೆರಗಾಗಿದ್ದ. ಮಶೀನಿನ ಒಳಗಿನದೆಲ್ಲ ಬಾಯಿಪಾಠವಿದ್ದವನಿಗೆ ರಿಮೋಟನ್ನು ಇಬ್ಬರು ಹಿಡಿಯಬಹುದೆಂದು ಎಂದೂ ಹೊಳೆದಿರಲಿಲ್ಲ.

ಎಲ್ಲ ಜೋಡಿಗಳೂ ಆಡಿದ ಮೇಲೆ ಮಕ್ಸೂದ ಚೀಲ ಬಿಚ್ಚಿದ. ಹಳದಿಗೆ ತಿರುಗಿದ ಡಬ್ಬಿ, ಅದಕ್ಕೊಂದು ಕ್ಯಾಸೆಟ್. ಊದಿ, ಒತ್ತಿ, ಹಾಕಿದ. ಪರದೆಯ ಮೇಲೆ ಬೆರಳುದ್ದದ ಸಿಪಾಯಿಯೊಬ್ಬ ಕಾಡಿನಲ್ಲಿ ಓಡತೊಡಗಿದ. ರಿಮೋಟು ಸಾಬೂನಿನ ಹಾಗಿತ್ತು, ಎಡಕ್ಕೆ ಕೂಡುಚಿಹ್ನೆಯಂಥದೊಂದು ಗುಂಡಿ, ಬಲಕ್ಕೆರಡು ದುಂಡು ಗುಂಡಿ. ಮಕ್ಕಳು ಅದಕ್ಕೂ ಎರಡೆರಡು ಕೈ ಹಾಕಿದರು. ಎಡದವರು ಓಡಿಸುವುದು, ಬಲದವರು ಹಾರಿಸುವುದು. ನಗು, ಕೇಕೆ, ಸಿಪಾಯಿ ಬಿದ್ದಾಗಲೆಲ್ಲ ಗೋಳು. ಕಾರಿಗೆ ಆದ ಗದ್ದಲಕ್ಕಿಂತ ಇದು ದುಪ್ಪಟ್ಟು.

"ಎಂಟು ಕೋರ್ ಎಲ್ಲಿ ಹೋದ್ವೋ ವೈಜ್ಯಾ" ಎಂದ ಮಕ್ಸೂದ. ವೈಜಿನಾಥ ಮುಖ ಗಂಟು ಹಾಕಿಕೊಂಡು ತನ್ನ ಕಂಬಳಿ ಮಡಚತೊಡಗಿದ.

ಆಟ ಸೇತುವೆಯ ಹತ್ತಿರ ಬರುವವರೆಗೆ ಮಕ್ಸೂದ ಗೆದ್ದಿದ್ದ. ಸೇತುವೆಯ ಮೇಲೆ ನಾಲ್ಕೂ ಕಡೆಯಿಂದ ವೈರಿಗಳು ಮುಗಿಬೀಳುತ್ತಿದ್ದರು. ಅಲ್ಲಿಗೆ ಬಂದ ಪ್ರತಿ ಜೋಡಿಯೂ ನೀರಿಗೆ ಬಿತ್ತು. ಬಿದ್ದರೆ ಬೀಳಲಿ, ಆದರೆ ಬಿದ್ದ ಪ್ರತಿ ಜೋಡಿಯೂ ಜಗಳವಾಡಿತು. ನೀ ತಡ ಮಾಡಿದಿ, ಇಲ್ಲ ನಾ ಸರಿ ಒತ್ತಿದ್ದೆ, ಸುಳ್ಳು ಹೇಳಬ್ಯಾಡ. ಕಾರು ಕಣಿವೆಗೆ ಬಿದ್ದಾಗ ನಕ್ಕ ಮಕ್ಕಳೇ ಈಗ ಜುಟ್ಟು ಹಿಡಿಯುವಷ್ಟಕ್ಕೆ ಬಂದರು.

ಸಖು ಮತ್ತು ಗುಂಡಮ್ಮ ಮತ್ತೆ ಮತ್ತೆ ಬಿದ್ದರು. "ನೀನೇ ಲೇಟ್ ಮಾಡ್ತಿದಿ" ಎಂದಳು ಗುಂಡಮ್ಮ, ಸಿಟ್ಟಿನಿಂದ. "ಪ್ರತಿ ಸಲಾ ಹಿಂಗೇ. ನಿನ್ನ ಕೈನೇ ನಡಿಯಂಗಿಲ್ಲ."

ಸಖು ರಿಮೋಟಿನಿಂದ ಕೈ ತೆಗೆದಳು. ಗುಂಡಮ್ಮ ಬೇರೊಬ್ಬಳನ್ನು ಜೋಡಿ ಮಾಡಿಕೊಂಡು ಆಟಕ್ಕಿಳಿದಳು, ಎಲ್ಲರ ಕಣ್ಣೂ ಪರದೆಗೆ ಹೋಯಿತು.

ಮಕ್ಸೂದ ಪರದೆ ನೋಡುತ್ತಿರಲಿಲ್ಲ. ಮಕ್ಕಳ ಬೆರಳು ನೋಡುತ್ತಿದ್ದ. "ಎಲ್ಲಾ ಜಗಳ ಸೇತುವಿ ಮ್ಯಾಲೇ ಯಾಕ?" ಎಂದ, ತನ್ನಷ್ಟಕ್ಕೆ. ಆಮೇಲೆ, "ವೈಜ್ಯಾ, ಬಾ ಇಲ್ಲಿ. ಎಡಕ ನೀ ಹಿಡಿ" ಎಂದು ಗೆಳೆಯನನ್ನು ಕೂರಿಸಿಕೊಂಡ. ಇಬ್ಬರು ದಪ್ಪ ಗಂಡಸರು ಒಂದು ಸಾಬೂನಿನಂಥ ರಿಮೋಟಿಗೆ ಜೋತುಬಿದ್ದದ್ದನ್ನು ನೋಡಿ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಸೇತುವೆ ಬಂತು, ಸಿಪಾಯಿ ನೀರಿಗೆ ಬಿದ್ದ. "ಹಾರ್ಸಲೇ ಅಂದ್ರ ನಿದ್ದಿ ಹೊಡೀತಿ" ಎಂದು ವೈಜಿನಾಥ ಬೈದ. "ನೀ ಓಡ್ಸಿದ್ದೇ ತಪ್ಪು" ಎಂದು ಇವನೂ ಬೈದ. ಮತ್ತೆ ಬಿದ್ದರು, ಮತ್ತೆ ಬೈದಾಡಿದರು. ಕಡೆಗೆ ಮಕ್ಸೂದ ರಿಮೋಟು ಕಿತ್ತುಕೊಂಡು ಒಬ್ಬನೇ ಆಡಿದ. ಸಿಪಾಯಿ ಸಲೀಸಾಗಿ ಸೇತುವೆ ದಾಟಿದ.

ಮಕ್ಸೂದ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. ಅದು ಗುಂಡಿಯನ್ನು ಒತ್ತಬೇಕಾದ ಹೊತ್ತಿಗಿಂತ ಒಂದು ಕಣ್ಣೆವೆ ಬಡಿಯುವಷ್ಟು ಮೊದಲೇ ಒತ್ತಿತ್ತು.

"ತಪ್ಪು ಮಕ್ಕಳದಲ್ಲ ಆಪಾ" ಎಂದ, ನಿಧಾನವಾಗಿ. "ವೈರಿಗೋಳು ಜಾಸ್ತಿ ಬಂದ್ರ ನನ್ನ ಮಶೀನಿಗಿ ದಮ್ಮು ಹತ್ತತದ. ಒತ್ತಿದ್ದು ಜರಾ ತಡ ಆಗಿ ಮುಟ್ತದ. ಸಣ್ಣಂವ ಇದ್ದಾಗಿಂದ ಆಡಿ ಆಡಿ ನನ್ನ ಬೆರಳಿಗಿ ರೂಢಿ ಆಗ್ಯಾದ, ಅದಕ್ಕ ನನಗ ಗೊತ್ತೇ ಇದ್ದಿಲ್ಲ. ಒಬ್ಬಂವ ಆಡಿದ್ರ ಬೆರಳೇ ಸಂಭಾಳಸ್ತದ. ಇಬ್ಬರು ಹಿಡದ್ರ ಮಶೀನಿಂದು ತಡ ಅಂತ ಯಾರಿಗೂ ತಿಳಿಯಂಗಿಲ್ಲ. ಒಬ್ಬರಿಗೊಬ್ಬರು ಬೈತಾರ." ಅವನು ವೈಜಿನಾಥನ ಕಡೆ ತಿರುಗಿದ. "ನೀ ಹೇಳಿದ್ದೇ ಖರೇ. ಡಬ್ಬಿ ಚೊಲೋ ಇರಬೇಕು."

ಇಷ್ಟು ವರ್ಷ ಈ ಒಂದು ಮಾತಿಗೆ ಬಾಯಿ ಬಾಯಿ ಬಿಟ್ಟಿದ್ದ ವೈಜಿನಾಥನಿಗೆ ಅದು ಕೈಗೆ ಬಂದಾಗ ಏನು ಮಾಡಬೇಕೋ ತೋಚಲಿಲ್ಲ. "ಯಾಕ ಅಂತ ನನಗೂ ಇವತ್ತೇ ತಿಳೀತಲೇ" ಎಂದ. ಭಾಗೀರಥಿಬಾಯಿ ಸಭೆಗಳಲ್ಲಿ, ಆಫೀಸುಗಳಲ್ಲಿ ಬೇಕಾದಷ್ಟು ವಾದ ಕೇಳಿದ್ದಳು. ತನ್ನ ಸೋಲನ್ನು ತಾನೇ ಹುಡುಕಿ ತೆಗೆದು ಎದುರಿನವನ ಕೈಗಿಟ್ಟ ಮನುಷ್ಯನನ್ನು ನೋಡಿರಲಿಲ್ಲ. ಅವನ ಬಗ್ಗೆ ಅವಳಿಗೆ ತುಂಬ ಗೌರವ ಬಂತು. ಅದನ್ನು ಹೇಳಬೇಕೆಂದು ತಿರುಗಿದಾಗ ಜಮಖಾನೆಯ ಮೇಲೆ ಸಖು ಇರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಭಾಗೀರಥಿಬಾಯಿ ಓಡಿದಳು, ಹಿಂದೆಯೇ ಮಕ್ಸೂದ ಬಂದ. ಉದಗೀರ ಬಸ್ಸು ನಿಂತಿತ್ತು. ಸಖು ಅದರ ಮೆಟ್ಟಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು.

"ನನ್ನ ಕರೀಬ್ಯಾಡ್ರಿ ಅಕ್ಕೋರೆ" ಎಂದಳು, ತಿರುಗದೆ. "ಇಲ್ಲಿನೂ ನಂದೇ ಲೇಟ್, ಅಲ್ಲಿ ಅವ್ವಂದೂ ಲೇಟ್. ಅಲ್ಲಿಗೇ ಹೋಗ್ತೇನಿ. ಆಕಿ ಜಾಗದಾಗ ನಾ ಕಡದ್ರ ಅಪ್ಪ ಆಕಿಗಿ ಬಯ್ಯಂಗಿಲ್ಲ."

ಮಕ್ಸೂದ ಮುಂದೆ ಬಂದು ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಬೇಟಾ, ನಿಂದು ಲೇಟ್ ಇದ್ದಿಲ್ಲ. ನೀ ಟೈಮಿಗಿ ಸರಿಯಾಗೇ ಒತ್ತಿದಿ, ನನ್ನ ಕಣ್ಣಾರೆ ನೋಡೀನಿ. ನನ್ನ ಮಶೀನ್ ಹಳೇದು, ಅದೇ ತಡ ಮಾಡ್ತು. ಮಾಫ್ ಮಾಡು. ಗುಂಡಮ್ಮಗೂ ನಾನೇ ಹೇಳ್ತೇನಿ."

ಸಖು ಅವನ ಮುಖ ನೋಡಿದಳು. ದೊಡ್ಡ ಮನುಷ್ಯನೊಬ್ಬ ತನ್ನ ಮುಂದೆ ಕೂತು ಹೀಗೆ ಮಾತಾಡಿದ್ದನ್ನು ಆ ಹುಡುಗಿ ಹಿಂದೆಂದೂ ಕಂಡಿರಲಿಕ್ಕಿಲ್ಲ. ಕಂಡಕ್ಟರು ಸೀಟಿ ಊದಿದ. ಅವಳು ಹತ್ತಲೂ ಇಲ್ಲ, ಸರಿಯಲೂ ಇಲ್ಲ, ಏನೋ ಯೋಚಿಸುತ್ತ ನಿಂತಳು.

"ಹಳೇದಿದ್ರ ತಡ ಆಗ್ತದೇನ್ರಿ?"

"ಆಗ್ತದವ್ವ."

"ಅಪ್ಪ ಈ ವರ್ಷ ಹೊಸ ಕೊಯ್ತಾ ಮಾಡಸ್ಕೊಂಡಾನ್ರಿ, ಹಿಡಿಗಿ ರಬ್ಬರ್ ಹಾಕಿಸ್ಯಾನ. ಅವ್ವನ ಬಲ್ಲಿ ಅಪ್ಪಂದೇ ಹಳೇದು ಅದ. ಮಸದು ಮಸದು ಇಷ್ಟೇ ಉಳದದ." ಸಖು ಬೆರಳಿನಲ್ಲಿ ಅಗಲ ತೋರಿಸಿದಳು. ಆಮೇಲೆ, "ಅಕ್ಕೋರೆ, ಅಪ್ಪಗ ಫೋನ್ ಹಚ್ಚಿ ಕೊಡ್ರಿ" ಎಂದಳು.

ಬಸ್ಸು ಹೊರಟಿತು. ಅದರ ಧೂಳಿನಲ್ಲೇ ನಿಂತು ಸಖು ಮಾತಾಡಿದಳು. "ಅಪ್ಪಾ, ನಾಳಿ ಹೊತ್ತೇರೋತನಕ ಅವ್ವನ ಕೊಯ್ತಾದಲೆ ನೀ ಕಡಿ. ನಿಂದು ಆಕಿಗಿ ಕೊಡು. ಆಮ್ಯಾಲೂ ಆಕಿನೇ ಲೇಟ್ ಅಂದ್ರ ನಾ ಜೀಪಿನಾಗ ಬರ್ತೇನಿ. ಸಾಲಿ ಬಿಟ್ಟು ಬರ್ತೇನಿ, ಅಕ್ಕೋರಿಗಿ ಹೇಳೀನಿ." ಆ ಕಡೆಯಿಂದ ಪಂಢರಿ ಏನೋ ಜೋರಾಗಿ ಅಂದದ್ದು ಫೋನಿನ ಹೊರಗೂ ಕೇಳಿತು. ಸಖು ಅದೇ ಮಾತನ್ನು ಇನ್ನೊಮ್ಮೆ ಹೇಳಿ ಫೋನು ವಾಪಸು ಕೊಟ್ಟಳು. ಹುಡುಗಿಯ ಧೈರ್ಯ ಕಂಡು ಭಾಗೀರಥಿಬಾಯಿಗೆ ಹೆಮ್ಮೆಯೂ ಆಯಿತು, ಅಳುಕೂ ಆಯಿತು. ಪಂಢರಿ ಹಟದ ಮನುಷ್ಯ. ಕತ್ತಿ ಬದಲಿಸದೆಯೇ ಬದಲಿಸಿದೆ ಎಂದು ಹೇಳಿಬಿಟ್ಟರೆ ಕೇಳುವವರು ಯಾರು.

ಆ ಸಂಜೆ ವೈಜಿನಾಥ ತನ್ನ ಮಶೀನನ್ನು ಹಾಸ್ಟೆಲಿನಲ್ಲೇ ಬಿಟ್ಟುಹೋದ. ಹೋಗುವ ಮುನ್ನ ಅದರ ಮೇಲೆ ಕೈಯಾಡಿಸಿ, ಧೂಳು ಕೂರದಂತೆ ಹೇಗೆ ನೋಡಿಕೊಳ್ಳಬೇಕೆಂದು ಗುಂಡಮ್ಮನಿಗೆ ಒಪ್ಪಿಸಿದ. ಮಕ್ಸೂದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ.

ಸೋಮವಾರ ಮುಂಜಾನೆಯೇ ಮುಕಾದಮನ ಜೀಪು ಹಾಸ್ಟೆಲಿನ ಗೇಟಿಗೆ ಬಂದು ಹಾರ್ನ್ ಹೊಡೆಯಿತು. ಸಖು ಚೀಲ ತಯಾರಿಟ್ಟುಕೊಂಡೇ ಕೂತಿದ್ದಳು, ಮಾತು ಕೊಟ್ಟಿದ್ದಳಲ್ಲ. "ಜರಾ ತಡೀರಿ, ಹುಡುಗಿ ರೊಟ್ಟಿ ತಿನ್ಲಿ" ಎಂದು ಭಾಗೀರಥಿಬಾಯಿ ಡ್ರೈವರನನ್ನು ನಿಲ್ಲಿಸಿದಳು. ರೊಟ್ಟಿ ಮುಗಿಯಿತು. ಚಹಾ ಕುಡೀಲಿ ಎಂದಳು. ಚಹಾ ಕೂಡ ಮುಗಿಯಿತು. ಡ್ರೈವರು ಹಾರ್ನಿನ ಮೇಲಿಂದ ಕೈ ತೆಗೆಯಲೊಲ್ಲ. ಸಖು ಜೀಪಿನ ಬಾಗಿಲಿಗೆ ಕೈ ಹಾಕಿದಾಗ ಭಾಗೀರಥಿಬಾಯಿಯ ಫೋನು ಬಡಿದುಕೊಂಡಿತು.

"ನಾ ಪಂಢರಿ ಮಾತಾಡ್ತೇನ್ರಿ ಅಕ್ಕೋರೆ."

"ಹೇಳಪ್ಪ."

ಆ ಕಡೆಯಿಂದ ಕಬ್ಬು ಕಡಿಯುವ ಸಪ್ಪಳ ಕೇಳಿಸುತ್ತಿತ್ತು, ಒಂದೇ ಸಮನೆ, ಚುರುಕಾಗಿ. ಯಾರೋ ಕಡಿಯುತ್ತಿದ್ದರು, ಪಂಢರಿ ಅಲ್ಲ.

"ಸಖುಗ ಹೇಳ್ರಿ, ಬರೋದು ಬ್ಯಾಡಂತ" ಎಂದ ಪಂಢರಿ. "ನನ್ನ ಅಂಗೈ ತುಂಬ ಬೊಕ್ಕಿ ಬಂದಾವ್ರಿ. ಸುಂದರಬಾಯಿ ಮುಂದ ಹೋಗ್ಯಾಳ."